ಆ ವಾಸನೆ ನಮ್ಮ ಕಾರ್ಖಾನೆಯದ್ದಲ್ಲ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಪೇಚಾಟ. ಬ್ಯಾಂಕಿನವನು ಬ್ಯಾಂಕು ಎಂದರೆ ಮಾತು ಮುಗಿಯಿತು. ಹೋಟೆಲಿನವನಿಗಂತೂ ಹೇಳುವ ಅಗತ್ಯವೇ ಇಲ್ಲ. ಡೊಂಬಿವಲಿಯ ಎಂಐಡಿಸಿ ಎಂಬ ಸರಕಾರಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಎಂದರೆ ಮಾತ್ರ ಮುಂದಿನ ಪ್ರಶ್ನೆ ತಪ್ಪಿದ್ದಲ್ಲ: "ಅಲ್ಲಿ ಎಂಥದು ಮಾಡ್ತೀರಿ?" ನಾವು ಮಾಡುವುದು ಒಂದು ಹಳದಿ ಪುಡಿ. ಅದು ಇನ್ನೊಂದು ಕಾರ್ಖಾನೆಗೆ ಹೋಗಿ ಬಣ್ಣವಾಗುತ್ತದೆ, ಬಣ್ಣ ಮಿಲ್ಲಿಗೆ ಹೋಗಿ ಬಟ್ಟೆಗೆ ಹತ್ತುತ್ತದೆ, ಬಟ್ಟೆ ಅಂಗಡಿಗೆ ಹೋಗಿ ಸೀರೆಯಾಗಿ ನನ್ನ ಹೆಂಡತಿ ವಾರಿಜಳ ಕಪಾಟಿಗೆ ಬರುತ್ತದೆ. ಆ ಸೀರೆಯಲ್ಲಿ ನನ್ನದೂ ಒಂದಿಷ್ಟು ಬೆವರಿದೆ ಎಂದರೆ ಅವಳು, "ಹಾಗಾದರೆ ಎರಡು ಸಲ ಒಗೆಯಬೇಕು" ಎನ್ನುತ್ತಾಳೆ.

ಕೈಗಾರಿಕೆಗಳನ್ನು ಕಚ್ಚಾವಸ್ತು ನೋಡಿ ಕೃಷಿ ಆಧಾರಿತ, ಖನಿಜ ಆಧಾರಿತ ಎಂದೂ, ಗಾತ್ರ ನೋಡಿ ಸಣ್ಣದು, ದೊಡ್ಡದು ಎಂದೂ ವಿಂಗಡಿಸುತ್ತಾರೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಉಡುಪಿಯ ಕಡೆಯ ನಮ್ಮ ಮಾವನ ವಿಂಗಡಣೆ ಇದಕ್ಕಿಂತ ಸರಳ: ಮನೆಗೆ ಏನಾದರೂ ತರಬಹುದಾದ ಕಾರ್ಖಾನೆ, ತರಲಾಗದ ಕಾರ್ಖಾನೆ. ಅವರ ದೊಡ್ಡ ಅಳಿಯ ಬಿಸ್ಕೀಟು ಕಾರ್ಖಾನೆಯವನು, ಪ್ರತಿ ದೀಪಾವಳಿಗೆ ಮುರುಕು ಬಿಸ್ಕೀಟಿನ ದೊಡ್ಡ ಚೀಲ ಒಯ್ಯುತ್ತಾನೆ. ನಾನು ಕೈಬೀಸಿಕೊಂಡು ಹೋಗುತ್ತೇನೆ. "ಒಂದು ಸೋಪಾದರೂ ಮಾಡಬಹುದಿತ್ತು" ಎಂದು ಮಾವ ನಿಟ್ಟುಸಿರು ಬಿಟ್ಟದ್ದುಂಟು.

ವಾರಿಜಳ ವಿಂಗಡಣೆ ಮೂಗಿನದ್ದು. ನಮ್ಮ ಫ್ಲ್ಯಾಟು ಎಂಐಡಿಸಿಗೆ ಅಂಟಿಕೊಂಡ ವಸತಿ ಭಾಗದಲ್ಲಿತ್ತು. ಹಪ್ಪಳ ಒಣಗಿಸಬೇಕಾದರೂ, ಯಾರನ್ನಾದರೂ ಊಟಕ್ಕೆ ಕರೆಯಬೇಕಾದರೂ ಅವಳು ಮೊದಲು ಕಾರ್ಖಾನೆಗೆ ಫೋನು ಮಾಡುತ್ತಿದ್ದಳು: "ಇವತ್ತು ಎಂಥದು ಓಡ್ತಾ ಉಂಟು?" ನಾನು ಹೇಳಿದ ಹೆಸರಿನ ಮೇಲೆ ಹಪ್ಪಳದ ಹಣೆಬರಹ ತೀರ್ಮಾನವಾಗುತ್ತಿತ್ತು. ಒಂದು ಸಲ, "ಅರ್ಧ ಗಂಟೆ ನಿಲ್ಲಿಸಿ ಮಾರಾಯ್ರೆ, ಅತ್ತಿಗೆ ಬಂದಿದ್ದಾರೆ" ಎಂದಳು. ನಮ್ಮದು ಬ್ಯಾಚ್ ಲೆಕ್ಕದ ಕೆಲಸ, ದೊಡ್ಡ ಹಂಡೆಗೆ ಒಮ್ಮೆ ಮಾಲು ತುಂಬಿ ಬಿಸಿಯೇರಿಸಿದ ಮೇಲೆ ದೇವರು ಬಂದರೂ ನಡುವೆ ನಿಲ್ಲಿಸಲು ಬರುವುದಿಲ್ಲ ಎಂದು ವಿವರಿಸಿದೆ. ಅತ್ತಿಗೆ ಮೂಗು ಮುಚ್ಚಿಕೊಂಡೇ ಕಾಫಿ ಕುಡಿದು ಹೋದರಂತೆ.

ಇಂಥ ಮನೆ ಮಾರಿ ಐರೋಲಿಗೆ ಹೋಗಬೇಕೆಂಬುದು ವಾರಿಜಳ ಬಹುಕಾಲದ ಆಸೆ. ಅಲ್ಲಿ ಐಟಿ ಪಾರ್ಕುಗಳು ಏಳುತ್ತಿದ್ದ ಕಾಲ. ಅಲ್ಲೊಂದು ಫ್ಲ್ಯಾಟು ನೋಡಿ ಮುಂಗಡದ ಟೋಕನ್ನೂ ಕೊಟ್ಟಾಗಿತ್ತು. ಇದು ಮಾರಿದರೆ ಮಾತ್ರ ಅದು. ಕಲ್ಯಾಣದಲ್ಲಿ ಹೋಟೆಲು ನಡೆಸುವ ಭೋಜಣ್ಣ ಮನೆ ನೋಡಲು ಬರುತ್ತೇನೆಂದಾಗ ನಾನೇ ಭಾನುವಾರ ಬರಹೇಳಿದೆ. ಅಂದು ನಮ್ಮ ಪ್ಲಾಂಟು ತೊಳೆಯಲು ಬಂದ್.

ಭೋಜಣ್ಣ ಬಂದರು. ಹಾಲ್ ನೋಡಿದರು, ಅಡುಗೆಮನೆಯ ಕಟ್ಟೆ ತಟ್ಟಿದರು, ತೃಪ್ತಿಯಿಂದ ತಲೆಯಾಡಿಸಿದರು. ಬಾಲ್ಕನಿಗೆ ಬಂದವರು ಮಾತ್ರ ಗಕ್ಕನೆ ನಿಂತರು. "ಎಂಥ ವಾಸನೆ ಮಾರಾಯ್ರೆ ಇದು?"

ವಾರಿಜ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದಳು. "ಮೇಲಿನ ಮನೆಯಲ್ಲಿ ಪೈಂಟ್ ಮಾಡಿಸ್ತಿದ್ದಾರೆ, ಅಣ್ಣ."

"ಹೌದಾ? ನಾನು ಇವರ ಕಂಪೆನಿಯದ್ದು ಅಂದುಕೊಂಡೆ" ಎಂದು ಭೋಜಣ್ಣ ನಕ್ಕರು.

ನಾನೂ ನಕ್ಕು ಸುಮ್ಮನಿರಬೇಕಿತ್ತು. ಆದರೆ ಇಷ್ಟು ವರ್ಷ ಅನ್ನ ಹಾಕಿದ ಕಾರ್ಖಾನೆಯ ಮೇಲೆ, ಅದೂ ಅದು ಸ್ನಾನ ಮಾಡುತ್ತಿರುವ ದಿನ, ಸುಳ್ಳು ಆರೋಪ! ಬಾಲ್ಕನಿಯ ಕಂಬಿಯಾಚೆಗೆ ಕೈ ಚಾಚಿ ತೋರಿಸಿದೆ.

"ಇದು ಪೈಂಟೂ ಅಲ್ಲ, ನಮ್ಮದೂ ಅಲ್ಲ ಭೋಜಣ್ಣ" ಎಂದೆ. "ಇದು ಆ ನೀಲಿ ಶೆಡ್ಡಿನದ್ದು. ಅವರದ್ದು ಹಗಲು ರಾತ್ರಿ ನಿಲ್ಲದೆ ಓಡುವ ಪ್ಲಾಂಟು. ನಮ್ಮ ವಾಸನೆ ಬೇರೆ, ಕೊಳೆತ ಮೊಟ್ಟೆಯ ಥರ. ನಾಳೆ ಬಂದರೆ ನಿಮಗೇ ಗೊತ್ತಾಗ್ತದೆ. ಅದರ ಹಿಂದಿನದ್ದು ಔಷಧದ ಕಾರ್ಖಾನೆ, ಅದರ ವಾಸನೆ ಮಳೆಗಾಲದಲ್ಲಿ ಮಾತ್ರ."

ವಾರಿಜ ಕೆಮ್ಮಿದಳು. ವಾಸನೆಗೆ ಕೆಮ್ಮಿದಳೆಂದು ತಿಳಿದು ನಾನು ಮುಂದುವರಿಸಿದೆ. ಸರಕಾರ ಕೈಗಾರಿಕೆಗಳನ್ನು ಮಾಲಿನ್ಯ ನೋಡಿ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ್ದನ್ನೂ ಹೇಳಿದೆ.

"ಕೆಂಪು ಅಂದ್ರೆ?"

"ಎಲ್ಲಕ್ಕಿಂತ ಜಾಸ್ತಿ ಮಾಲಿನ್ಯದ್ದು. ಅದು ನಮ್ಮದು. ಆದರೆ ಈ ವಾಸನೆ ನಮ್ಮದಲ್ಲ."

"ತುಂಬ ವಿಷಯ ಗೊತ್ತಾಯ್ತು" ಎಂದು ಭೋಜಣ್ಣ ಚಪ್ಪಲಿ ಹುಡುಕಿದರು. ಕಾಫಿ ಹಾಗೇ ಉಳಿಯಿತು. ವಾರಿಜ ಅದನ್ನು ಸಿಂಕಿಗೆ ಸುರಿದಳು. ರಾತ್ರಿ ಬಡಿಸುವಾಗ, "ನನಗೆ ಐರೋಲಿ ಇಲ್ಲದಿದ್ದರೂ ಪರವಾಗಿಲ್ಲ, ನಿಮಗೆ ಕಾರ್ಖಾನೆಯ ಮರ್ಯಾದೆ ಉಳಿಯಿತಲ್ಲ" ಎಂದಾಗ ಕಣ್ಣಂಚು ಒದ್ದೆಯಾಗಿತ್ತು. ನನಗೆ ನಿಜಕ್ಕೂ ಬೇಜಾರಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅವಳೇ ನನ್ನ ಅಂಗಿಗೆ ಇಸ್ತ್ರಿ ಹಾಕಿ, "ಸಾನಪಾಡಾಕ್ಕೆ ಹೋಗಿ ಬನ್ನಿ, ನನ್ನ ಅಣ್ಣನ ಮನೆಗೆ. ಊಟ ಅಲ್ಲೇ. ಸಂಜೆ ಕಳೆದು ಬನ್ನಿ" ಎಂದಳು. ಹೆಂಡತಿ ಕ್ಷಮಿಸಿದಳೆಂದು ಕುಣಿಯುತ್ತ ಹೊರಟೆ. ಬಸ್ಸು ಶಿಳ್‌ಫಾಟಾ ದಾಟುವಾಗ, ಡ್ರಮ್ಮುಗಳನ್ನು ಹೇರಿಕೊಂಡು ಅದೇ ದಾರಿಯಲ್ಲಿ ಹೋಗುತ್ತಿದ್ದ ಟ್ರಕ್ಕೊಂದನ್ನು ಕಂಡೆ. ಅಪಾಯಕಾರಿ ತ್ಯಾಜ್ಯವನ್ನು ಆವರಣದಲ್ಲಿ ಇಟ್ಟುಕೊಳ್ಳಬಾರದು, ಬಾಯಿ ಬಿಗಿದು ದೂರ ಸಾಗಿಸಬೇಕು ಎಂಬುದು ನಮ್ಮಲ್ಲಿ ನಿಯಮ. ಆಗ ನನಗೆ ಎಲ್ಲ ಅರ್ಥವಾಯಿತು: ಇವತ್ತು ಮನೆ ನೋಡಲು ಇನ್ಯಾರೋ ಬರುವವರಿದ್ದರು, ವಾರಿಜ ನನ್ನನ್ನೂ ಹಾಗೇ ದೂರ ಸಾಗಿಸಿದ್ದಳು.

ಸಂಜೆ ಬಂದರೆ ಮನೆ ಮಾರಿಹೋಗಿತ್ತು!

"ವಾಸನೆ ಬರಲಿಲ್ಲವಾ?" ಎಂದೆ.

"ಬಂತು. ಕೊಂಡ ಗಂಡ ಹೆಂಡತಿ ಇಬ್ಬರೂ ಎಂಐಡಿಸಿಯಲ್ಲೇ ಕೆಲಸದವರು. ಡ್ಯೂಟಿಗೆ ನಡೆದೇ ಹೋಗಬಹುದು ಅಂತ ಖುಷಿಪಟ್ಟರು. ವಾಸನೆಯ ಮಾತೇ ಎತ್ತಲಿಲ್ಲ. ಎತ್ತುವವರು ಸಾನಪಾಡಾದಲ್ಲಿದ್ದರಲ್ಲ."

ಈಗ ಐರೋಲಿಯಲ್ಲಿದ್ದೇವೆ. ಹಪ್ಪಳ ನಿರ್ಭಯವಾಗಿ ಒಣಗುತ್ತದೆ. ಆದರೂ ಮನೆಗೆ ಯಾರಾದರೂ ಬರುವ ಮುಂಚೆ ವಾರಿಜ ಎದುರು ನಿಂತು ನನ್ನ ಬಾಯಿಯನ್ನೇ ನೋಡುತ್ತ ಕೇಳುತ್ತಾಳೆ: "ಇವತ್ತು ಎಂಥದು ಓಡ್ತಾ ಉಂಟು?"

"ಏನಿಲ್ಲ, ಇವತ್ತು ಬಂದ್" ಎನ್ನುತ್ತೇನೆ. ಬಂದವರು ಸುಮ್ಮನೆ ಕಾಫಿ ಕುಡಿದು ಹೋದರೆ ನಾನೂ ಬಂದ್ ಇರಬಲ್ಲೆ. ಮೊನ್ನೆ ಬಂದವರು ಕಿಟಕಿಯಾಚೆಯ ಗಾಜಿನ ಕಟ್ಟಡ ತೋರಿಸಿ, "ಅಲ್ಲಿ ಎಂಥದು ಮಾಡ್ತಾರೆ?" ಎಂದು ಕೇಳಿಬಿಟ್ಟರು. ವಾರಿಜ ಅಡುಗೆಮನೆಯಿಂದ ಓಡಿ ಬಂದಳು. ಆದರೆ ಆಗಲೇ ಮಾಲು ತುಂಬಿ ಬಿಸಿಯೇರಿಯಾಗಿತ್ತು, ನಡುವೆ ನಿಲ್ಲಿಸಲು ಬರುವಂತಿರಲಿಲ್ಲ.