ತೂಗಾಡತಕ್ಕದ್ದಲ್ಲ

ಬೀದಿಯ ತಗ್ಗಿನ ತುದಿಯಲ್ಲಿ ಕೊಳಚೆನೀರೆತ್ತುವ ಘಟಕವೊಂದನ್ನು ವಿಧಿವತ್ತಾಗಿ ಸ್ಥಾಪಿಸಲಾಯಿತು. ಒಂದು ಬಾವಿ, ಎರಡು ಪಂಪು, ಒಂದು ಸ್ವಿಚ್ಚುಪೆಟ್ಟಿಗೆ, ಮೂರು ಫ್ಲೋಟು. ಎಲ್ಲವೂ ಹೊಸವು, ಎಲ್ಲವೂ ಕೆಲಸ ಮಾಡುವಂಥವು. ಈಗ ಆ ಪಂಪುಗಳನ್ನು ಓಡಿಸುತ್ತಿರುವುದು ಯಾವುದು, ಊಹಿಸಿ ನೋಡೋಣ. ಫ್ಲೋಟು ಅಂದಿರಾ? ಪಾಪ, ನೀವು ಓದಿದವರು. ದೇವರು ಅಂದಿರಾ? ಅದೂ ಅಲ್ಲ, ಆದರೆ ಹತ್ತಿರ ಬಂದಿರಿ. ಒಬ್ಬ ನಿವೃತ್ತ ಎಂಜಿನಿಯರು. ಅವರೂ ಒಂದು ಕಾಲದಲ್ಲಿ ಎಲ್ಲವೂ ತಮ್ಮಿಂದಲೇ ನಡೆಯುತ್ತಿದೆಯೆಂದು ನಂಬಿದ್ದವರೇ.

ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಮನೆ ಅವರದು. ಕೊಳ್ಳುವಾಗ ಇಳಿಜಾರನ್ನು ತಾವೇ ಅಳೆದು, "ಇಲ್ಲಿಗೆ ನೀರು ಜೋರಾಗಿ ಬರತ್ತೆ" ಎಂದು ಹೆಂಡತಿಗೆ ಭರವಸೆ ಕೊಟ್ಟಿದ್ದರು. ಹೇಳಿದಂತೆಯೇ ಬಂತು. ಯಾವ ನೀರು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಬಚ್ಚಲಿನ ಜಾಲರಿ ಮೂರನೆಯ ಸಲ ಗುಳುಗುಳು ಎಂದು ಮೇಲೆದ್ದಾಗ ಹೆಂಡತಿ ಪೆಟ್ಟಿಗೆ ಕಟ್ಟಿ ಅಕ್ಕನ ಮನೆಗೆ ಹೊರಟರು. "ಆ ಜಾಲರಿ ಬಾಯಿ ಮುಚ್ಕೊಂಡ ದಿನ ಫೋನ್ ಮಾಡಿ, ಬರ್ತೀನಿ. ಅಲ್ಲೀವರೆಗೂ ನೀವುಂಟು, ನಿಮ್ಮ ಇಳಿಜಾರುಂಟು."

ಆದ್ದರಿಂದ ಹೊಸ ಘಟಕದ ಮೇಲೆ ಸಾಹೇಬರಿಗಿದ್ದದ್ದು ಬರಿಯ ವೃತ್ತಿಪ್ರೇಮವಲ್ಲ. ದಿನವೂ ಕುರ್ಚಿ ಹಾಕಿಕೊಂಡು ಬಾವಿಯ ಪಕ್ಕ ಕೂತರು. ವೈರ್‌ಮನ್ ಕೆಲಸಗಾರ, ಮಾತು ಕಮ್ಮಿ. ಪೆಟ್ಟಿಗೆಯಿಂದ ಬಾವಿಯೊಳಕ್ಕೆ ಮೂರು ತಂತಿ ಇಳಿಬಿಟ್ಟ. ಪ್ರತಿಯೊಂದರ ತುದಿಗೂ ಸೋರೆಬುರುಡೆಯ ಹಾಗಿನ ಪ್ಲಾಸ್ಟಿಕ್ ಗುಂಡು. ನೀರು ಏರಿದಾಗ ಗುಂಡು ತೇಲಿ ಮಗುಚುತ್ತದೆ. ಮಗುಚಿದರೆ ಒಳಗಿನ ಸ್ವಿಚ್ಚು ಕೂಡುತ್ತದೆ. ಕೆಳಗಿನದು ಪಂಪು ನಿಲ್ಲಿಸಲು, ನಡುವಿನದು ಓಡಿಸಲು, ಮೇಲಿನದು ಅಪಾಯದ ಗಂಟೆ ಬಾರಿಸಲು. ಮಗುವಿಗೂ ಅರ್ಥವಾಗುವಂಥದ್ದು. ಆದರೆ ಬಂದದ್ದು ಮಗುವಲ್ಲ, ತಪಾಸಣಾಧಿಕಾರಿ.

"ಇದೇನು, ಮೂರು ತಂತಿ ತೂಗಾಡ್ತಿವೆ?"

"ಫ್ಲೋಟು ಸಾರ್," ಎಂದ ವೈರ್‌ಮನ್. "ತೂಗಾಡೋದೇ ಅದರ ಕೆಲಸ."

"ಅದರ ಕೆಲಸ ಅದು ಮಾಡ್ಲಿ, ನನ್ನ ಕೆಲಸ ನಾನು ಮಾಡ್ತೀನಿ." ಅಧಿಕಾರಿ ಕೈಪಿಡಿ ತೆಗೆದು ಓದಿದರು: ‘ನಿಯಮ ನಲವತ್ತೊಂದು. ಯಾವುದೇ ಘಟಕದಲ್ಲಿ ಯಾವುದೇ ತಂತಿಯು ಯಾವುದೇ ಕಾರಣಕ್ಕೂ ತೂಗಾಡತಕ್ಕದ್ದಲ್ಲ.’

ಸಾಹೇಬರ ಮೈ ಜುಮ್ಮೆಂದಿತು. ಅದು ಅವರದೇ ವಾಕ್ಯ. ಇಪ್ಪತ್ತೆರಡು ವರ್ಷದ ಹಿಂದೆ ಜೋಲುತಂತಿಯೊಂದು ನಿರ್ದೇಶಕರ ಕನ್ನಡಕಕ್ಕೆ ಸಿಕ್ಕಿಕೊಂಡಾಗ ವಾರವಿಡೀ ಕೂತು ಬರೆದದ್ದು. ಮೂರನೆಯ ‘ಯಾವುದೇ’ಯನ್ನು ಕೈಬಿಡೋಣವೆಂದು ಸಮಿತಿ ಹೇಳಿದಾಗ ರಾಜೀನಾಮೆಯ ಬೆದರಿಕೆ ಹಾಕಿ ಅದನ್ನು ಉಳಿಸಿಕೊಂಡಿದ್ದರು.

ಗಂಟಲು ಸರಿಮಾಡಿಕೊಂಡರು. "ನೋಡಿ, ಅದನ್ನ ಬರೆದವನು ನಾನೇ. ಫ್ಲೋಟಿಗೆ ಅದು ಅನ್ವಯಿಸಲ್ಲ."

"ನಲವತ್ತೆರಡು ನೆನಪಿದೆಯಾ ಸಾರ್?"

ನೆನಪಿಲ್ಲದೆ ಏನು. ‘ಈ ನಿಯಮಗಳ ಕುರಿತು ನಿವೃತ್ತ ನೌಕರರ ಸಲಹೆಯನ್ನು ಸ್ವೀಕರಿಸತಕ್ಕದ್ದಲ್ಲ.’ ತಮ್ಮ ಮೇಲಧಿಕಾರಿ ನಿವೃತ್ತರಾದ ಮೇಲೂ ದಿನಾ ಬಂದು ಎದುರಿಗೆ ಕೂತು ತಲೆ ತಿನ್ನುತ್ತಿದ್ದ ಕಾಲದಲ್ಲಿ ಇದನ್ನೂ ಅವರೇ ಬರೆದಿದ್ದರು.

"ತುಂಬ ಚೆನ್ನಾಗಿ ಬರ್ದಿದೀರಿ," ಎಂದರು ಅಧಿಕಾರಿ, ನಿಜವಾದ ಗೌರವದಿಂದ.

ಮೂರು ಗುಂಡುಗಳನ್ನೂ ಗೋಡೆಗೆ ಒತ್ತಿ, ಗೇಣಿಗೊಂದು ಕ್ಲಿಪ್ಪು ಹೊಡೆದು, ಅಲುಗಾಡದಂತೆ ಬಿಗಿಯಲಾಯಿತು. ನೋಡಲು ಲಕ್ಷಣವಾಗಿತ್ತು. ಘಟಕವು ‘ಸಂಪೂರ್ಣ ಸ್ವಯಂಚಾಲಿತ’ವೆಂದು ಪ್ರಮಾಣಪತ್ರ ದೊರೆಯಿತು. ಬಾವಿಗೆ ನೀರು ಬಂತು. ಮೊದಲನೆಯ ಗುಂಡು ಮುಳುಗಿತು, ಎರಡನೆಯದು ಮುಳುಗಿತು, ಮೂರನೆಯದೂ ಮುಳುಗಿತು. ಒಂದೂ ಕದಲಲಿಲ್ಲ.

ಸಾಹೇಬರು ಹೆಂಡತಿಗೆ ಫೋನ್ ಮಾಡಿದರು. "ಘಟಕಕ್ಕೆ ಸರ್ಟಿಫಿಕೇಟ್ ಬಂತು. ಇನ್ನು ಬರಬಹುದು."

"ಹಿಂದೆ ಅದೇನದು ಸದ್ದು?"

"ರೇಡಿಯೋ."

"ಗುಳುಗುಳು ಅಂತಿದೆ."

"ಸಂಗೀತ."

ಫೋನು ಇಟ್ಟ ಸದ್ದು ಕೇಳಿಸಿತು.

ಮೂರು ದಿನ ಸಾಹೇಬರು ಮಂಚದ ಮೇಲೆ ಕಾಲು ಮಡಚಿಕೊಂಡು ತಮ್ಮದೇ ಕೈಪಿಡಿ ಓದಿದರು. ಕಾಲು ಕೆಳಗಿಡಲು ನೆಲ ಒಣಗಿರಲಿಲ್ಲ. ಎಷ್ಟು ಕಡೆಯಿಂದ ನುಗ್ಗಿದರೂ ಎಲ್ಲೂ ಸಂದಿ ಇಲ್ಲ. ಎಂಥ ಬುದ್ಧಿವಂತ ಈ ಮನುಷ್ಯ ಎಂದು ಒಂದು ಕಡೆ ಹೆಮ್ಮೆ. ಕೈಗೆ ಸಿಕ್ಕರೆ ನಾಲ್ಕು ಬಾರಿಸಬೇಕೆಂದು ಇನ್ನೊಂದು ಕಡೆ. ಕೊನೆಗೆ ಒಂಬತ್ತನೆಯ ನಿಯಮ ಸಿಕ್ಕಿತು: ‘ಕೈಯಲ್ಲಿ ಹಿಡಿದ ಉಪಕರಣದ ತಂತಿಯನ್ನು ತೂಗಾಡುವ ತಂತಿಯೆಂದು ಪರಿಗಣಿಸತಕ್ಕದ್ದಲ್ಲ.’

ಸಲಹೆ ಕೊಡುವಂತಿಲ್ಲವಲ್ಲ, ವೈರ್‌ಮನ್ ಬಾಯಿಂದ ಹೇಳಿಸಿದರು. ಅವನು ಅಧಿಕಾರಿಯ ಮುಂದೆ ಗಿಣಿಪಾಠ ಒಪ್ಪಿಸುವಾಗ ಸಾಹೇಬರು ಹಿಂದೆ ನಿಂತು ತುಟಿ ಆಡಿಸುತ್ತಿದ್ದರು.

"ಇದು ನಿನ್ನ ಯೋಚನೆಯಾ?"

"ಹೂಂ ಸಾರ್. ಈಗ ತಾನೇ ಬಂತು."

ಅಧಿಕಾರಿ ತಲೆದೂಗಿದರು. ವಾರದೊಳಗೆ ಆದೇಶ ಹೊರಬಿತ್ತು. ನಡುವಿನ ಫ್ಲೋಟನ್ನು ಬಿಚ್ಚಿ ಒಬ್ಬ ವ್ಯಕ್ತಿಯ ಕೈಗೆ ಕೊಡತಕ್ಕದ್ದು. ನೀರು ಏರಿದಾಗ ಆತ ಅದನ್ನು ಮಗುಚತಕ್ಕದ್ದು. ಹುದ್ದೆಯ ಹೆಸರು ‘ತೇಲುಗುಂಡು ಧಾರಕ’. ಅರ್ಹತೆ: ಘಟಕದ ಪಕ್ಕದಲ್ಲೇ ವಾಸ, ತಾಂತ್ರಿಕ ಪದವಿ, ಬೇರೆ ಕೆಲಸವಿಲ್ಲದಿರುವುದು. ಇಡೀ ಬೀದಿಯಲ್ಲಿ ಮೂರೂ ಇದ್ದವರು ಒಬ್ಬರೇ.

"ನಿವೃತ್ತರು ಆಗಬಹುದಾ?" ಎಂದು ಸಾಹೇಬರು ಅನುಮಾನದಿಂದ ಕೇಳಿದರು.

"ಸಲಹೆ ಕೊಡಬಾರದು, ಅಷ್ಟೇ. ಹಿಡ್ಕೊಳ್ಳೋದಕ್ಕೆ ಅಡ್ಡಿ ಇಲ್ಲ."

ಈಗ ಸಾಹೇಬರು ಬೆಳಿಗ್ಗೆ ಆರಕ್ಕೆ ಇಸ್ತ್ರಿಯ ಷರಟು ತೊಟ್ಟು, ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಬಾವಿಯ ಪಕ್ಕ ಕೂರುತ್ತಾರೆ. ಹೆಂಡತಿ ವಾಪಸು ಬಂದಿದ್ದಾರೆ. ಬಚ್ಚಲ ಕಿಟಕಿ ಬಾವಿಯ ಕಡೆಗೇ ಇರುವುದರಿಂದ ಅಪಾಯದ ಗಂಟೆಯ ಕೆಲಸವನ್ನು ಅವರು ವಹಿಸಿಕೊಂಡಿದ್ದಾರೆ.

"ರೀ, ಜಾಲರಿ ಕೆಮ್ತು. ಎತ್ರೀ."

ಸಾಹೇಬರು ಗುಂಡು ಮಗುಚುತ್ತಾರೆ. ಪಂಪು ಗುರ್ರೆನ್ನುತ್ತದೆ.

"ಸಾಕು, ಇಳ್ಸಿ. ಪೇಪರ್ ಆಮೇಲೆ ಓದಿ."

ಇಳಿಸುತ್ತಾರೆ. ನಲವತ್ತು ವರ್ಷದ ಸಂಸಾರದಲ್ಲಿ ತಮ್ಮ ಮಾತನ್ನು ಇವರು ಇಷ್ಟು ಬೇಗ ಕೇಳಿದ್ದು ಇದೇ ಮೊದಲೆಂದು ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಹೇಳಿದರಂತೆ.

ಬೀದಿಯವರಿಗೂ ಒಗ್ಗಿಹೋಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾರೂ ನೀರು ಬಿಡುವುದಿಲ್ಲ. ಮೊನ್ನೆ ಘಟಕದ ಬಾಗಿಲಿಗೆ ಪ್ರಕಟಣೆ ಅಂಟಿಸಿದ್ದರು: ‘ಧಾರಕರು ಕಣ್ಣಿನ ಪರೀಕ್ಷೆಗೆ ತೆರಳುವುದರಿಂದ ಬುಧವಾರ ಹತ್ತರಿಂದ ಹನ್ನೆರಡರವರೆಗೆ ಯಾರೂ ಸ್ನಾನ ಮಾಡತಕ್ಕದ್ದಲ್ಲ.’ ಯಾರೂ ಮಾಡಲಿಲ್ಲ. ಮೂಲೆಮನೆಯವರು, "ಕಣ್ಣು ಹೇಗಿದೆ ಸಾರ್?" ಎಂದು ಕೇಳಿಯೂ ಕೇಳಿದರು. ಇಂಥ ವಿಚಾರಣೆ ಸಾಹೇಬರಿಗೆ ಸೇವೆಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ.

ಅವರು ಇಲಾಖೆಯಿಂದ ನಿವೃತ್ತರಾದದ್ದು ಒಂದು ಅಕ್ಟೋಬರ್ ಮೂವತ್ತೊಂದರಂದು. ಸರಿಯಾಗಿ ಹತ್ತು ವರ್ಷದ ನಂತರ ಅದೇ ಇಲಾಖೆ ಅವರ ಕೈಗೆ ಗುಂಡು ಕೊಟ್ಟು ಸಹಿ ಹಾಕಿಸಿಕೊಂಡಿತು. ಆದೇಶದಲ್ಲಿ ನಿವೃತ್ತಿಯ ವಯಸ್ಸು ನಮೂದಾಗಿಲ್ಲ. ಅವರೂ ಕೇಳಿಲ್ಲ. ಕೆಲಸಕ್ಕೆ ಹಾಜರಾದ ದಿನ ಅಕ್ಟೋಬರ್ ಮೂವತ್ತೊಂದು, ಮಂಗಳವಾರ, ಬೆಳಿಗ್ಗೆ ಆರು ಗಂಟೆ.