ಒಗೆಯುವ ಕಲ್ಲಿನ ಕವಿ

ಲೋಕಮ್ಮ ಹಿತ್ತಲಿನ ಒಗೆಯುವ ಕಲ್ಲನ್ನು ಮಗುಚಿ ಹಾಕಿಸದೆ ಇದ್ದಿದ್ದರೆ, ಅವಳ ಗಂಡ ಉಜ್ಜಪ್ಪ ಆ ದಿನ ಕವಿಯಾಗಿಬಿಡುತ್ತಿದ್ದ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿಯುವ ಉಜ್ಜಪ್ಪ ವರ್ಷವಿಡೀ ಕೂತು ಒಂದೇ ಒಂದು ಪದ್ಯ ಬರೆದಿದ್ದ. ಹಾನಗಲ್ಲಿಗೆ ಕೊಟ್ಟಿದ್ದ ಅಕ್ಕ ವರದಮ್ಮ ಮದುವೆಯಾದಾಗಿನಿಂದ ಬೊಂಬಾಯಿ ರಾಜ್ಯದವಳಾಗಿದ್ದಳು. ಹೋದ ವರ್ಷ ಕನ್ನಡ ನಾಡು ಒಂದಾದಾಗ ಕೂತಲ್ಲಿಂದ ಏಳದೆಯೇ ತಮ್ಮನ ರಾಜ್ಯಕ್ಕೆ ಬಂದುಬಿಟ್ಟಳು. ‘ಅಕ್ಕನ ಊರಿಗೂ ನನ್ನ ಊರಿಗೂ ಇನ್ನು ಒಂದೇ ಬಾಗಿಲು’ ಎಂಬುದು ಪದ್ಯದ ಮೊದಲ ಸಾಲು. ೧೯೫೭ರ ರಾಜ್ಯೋತ್ಸವದ ಸಭೆಯಲ್ಲಿ ಅದನ್ನು ಓದಲು ಉಜ್ಜಪ್ಪನಿಗೆ ಐದು ನಿಮಿಷ ಸಿಕ್ಕಿತ್ತು. ಅದನ್ನು ಕೇಳಲೆಂದೇ ವರದಮ್ಮ ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು. ಸಂಜೆ ಐದರ ಬಸ್ಸಿಗೆ ಹೊರಡಲೇಬೇಕು.

ಸಭೆಯ ಕಾರ್ಯದರ್ಶಿ ಆನಂದಪ್ಪನವರು, ರಿಟೈರಾದ ಹೆಡ್‌ಮಾಸ್ಟರು, ಬೆಳಿಗ್ಗೆಯೇ ನೆನಪಿಸಲು ಬಂದರು. ಎಲೆಅಡಿಕೆ ಉಗಿದು ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದವರು ಚೇಳು ಕಡಿದವರ ಹಾಗೆ ಕೂಗಿಕೊಂಡರು.

“ಲೋಕಮ್ಮಾ! ನಿಲ್ಸು! ಸೀರೆ ತೆಗಿ!”

ಲೋಕಮ್ಮ ಬೆಚ್ಚಿ ಕಲ್ಲಿನ ಮೇಲಿದ್ದ ಸೀರೆ ಎಳೆದುಕೊಂಡಳು. ಸೋಪಿನ ನೊರೆಯ ನಡುವೆ ಸಾಲು ಸಾಲು ಅಕ್ಷರ.

“ಶಾಸನ ಕಣಮ್ಮ! ಬಂದಳಿಕೆಯ ಹಳೇ ಗುಡಿಯಲ್ಲಿ ಇದಾವಲ್ಲ, ಅಂಥದ್ದು. ನಂಗೆ ಎರಡು ಮಾತಷ್ಟೇ ಗೊತ್ತಾಗ್ತಿದೆ. ‘ಕವಿ’ ಅಂತಿದೆ, ‘ಪದ್ಯ’ ಅಂತಿದೆ!”

“ಇರ್ಲಿ ಬಿಡ್ರೀ ಮೇಷ್ಟ್ರೇ. ಹಳೇ ಮೈ ಸವೆದು ಜಾರ್ತಿತ್ತು ಅಂತ ನಿನ್ನೆ ಮಗುಚಿ ಹಾಕ್ಸಿದೆ. ಈ ಮೈಯಲ್ಲಿ ಕೊಳೆ ಎಷ್ಟು ಚೆನ್ನಾಗಿ ಬಿಡುತ್ತೆ ಗೊತ್ತಾ?”

ಮಗುಚಿ ಹಾಕಿದವನು ಒರಳುಕಲ್ಲು ಕೆತ್ತುವ ಸಿಕಂದರ್. ಅವನನ್ನು ಗಾಡಿ ಸಮೇತ ಕರೆಸಿದರು.

“ನಿನ್ನ ಕಣ್ಣಿಗೆ ಇದು ಕಾಣ್ಲಿಲ್ವೇನೋ?” ಎಂದು ಆನಂದಪ್ಪ ಗದರಿದರು.

“ಕಾಣ್ತು ಸಾರ್. ಯಾರೋ ಮೊದಲೇ ಉಳಿ ಹೊಡೆದು ಕೊಟ್ಟಿದಾರೆ, ನನ್ನ ಕೆಲಸ ಉಳೀತು ಅಂದ್ಕೊಂಡೆ.”

ಆರು ಜನ ಸೇರಿ ಕಲ್ಲನ್ನು ಗಾಡಿಗೆ ಏರಿಸಿದರು. ಚೆಂಡುಹೂವಿನ ಹಾರ ಬಿತ್ತು. ಉಜ್ಜಪ್ಪನಿಗೆಂದು ತಂದಿಟ್ಟಿದ್ದ ಹಾರವೇ ಅದು. ಹಿಂದಿನಿಂದ ಅರ್ಧ ಒಗೆದ ಸೀರೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಲೋಕಮ್ಮ ಹೊರಟಳು. “ಸಭೆ ಮುಗಿದ ಕೂಡ್ಲೇ ನನ್ನ ಕಲ್ಲು ನಂಗೆ ಬೇಕು!”

ವೇದಿಕೆಯ ಮೇಲೆ ಕಲ್ಲಿಗೆ ಜಾಗ ಮಾಡಲು ಮೊದಲು ಮೇಜು ಕೆಳಗಿಳಿಯಿತು, ಆಮೇಲೆ ಉಜ್ಜಪ್ಪನ ಕುರ್ಚಿ, ಕೊನೆಗೆ ಉಜ್ಜಪ್ಪ.

“ನಿಮ್ಮ ಐದು ನಿಮಿಷನೂ ಶಾಸನಕ್ಕೆ ಬಿಟ್ಕೊಡ್ರೀ,” ಎಂದರು ಆನಂದಪ್ಪ. “ನಿಮ್ಮ ಮನೆದೇ ಅಲ್ವಾ? ಕೊನೆಗೆ ಹೊತ್ತು ಮಿಕ್ಕರೆ ನೋಡಾಣ.”

ಭಾಷಣಕ್ಕೆ ಶಿಕಾರಿಪುರದಿಂದ ಬಂದಿದ್ದ ಪಂಡಿತರಿಗೆ ಹಳೆಯ ಲಿಪಿ ಬರುತ್ತಿತ್ತು. ಅಕ್ಷರ ಎದ್ದು ಕಾಣಲೆಂದು ಅವರು ಅಕ್ಕಿಹಿಟ್ಟು ತರಿಸಿ ಸವರಿ, ಎಂಟುನೂರು ವರ್ಷದ ಹಿಂದಿನದೆಂದು ಹೇಳಿದರು. ಆದರೆ ಓದುವ ಮೊದಲು ಕನ್ನಡದ ಕಲ್ಲುಗಳ ಹಿರಿಮೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು.

“ತಮ್ಮಾ, ನಿಂದು ಯಾವಾಗಪಾ?” ಎಂದು ವರದಮ್ಮ ಪಿಸುಗುಟ್ಟಿದಳು. “ನಮ್ಮ ಎಮ್ಮಿ ನನ್ನ ಬಿಟ್ಟು ಯಾರಿಗೂ ಹಿಂಡಗೊಡೂದಿಲ್ಲ.”

“ಈಗ ಅಕ್ಕಾ, ಇನ್ನೇನು ಈಗ.”

ಕೊನೆಗೆ ಪಂಡಿತರು ಕಲ್ಲಿನತ್ತ ಬಾಗಿ, ಹಳೆಗನ್ನಡವನ್ನು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಓದತೊಡಗಿದರು.

“‘ಕೇತಯ್ಯನೆಂಬ ಕವಿ ನಾಡಿನ ಸಭೆಯಲ್ಲಿ ಪದ್ಯ ಓದಲು ಬಂದು ಕಾದನು. ಪಂಡಿತರ ಮಾತು...’” ಅವರ ದನಿ ಸಣ್ಣದಾಯಿತು. “‘...ಪಂಡಿತರ ಮಾತು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು. ಆದಕಾರಣ ತನ್ನ ಪದ್ಯವನ್ನು ಕಲ್ಲಿನಲ್ಲಿ ಬರೆಸಿದನು. ಆ ಪದ್ಯವು ಈ ಕಲ್ಲಿನ ಇನ್ನೊಂದು ಮೈಯಲ್ಲಿದೆ.’”

ಆರು ಜನ ಮತ್ತೆ ಓಡಿಬಂದು ಕಲ್ಲು ಮಗುಚಿದರು. ಆ ಮೈ ಹರಕೆಗೆ ಬೋಳಿಸಿದ ತಲೆಯಷ್ಟು ನುಣ್ಣಗಿತ್ತು. ಮೂರು ತಲೆಮಾರಿನ ಬಟ್ಟೆ ಕೇತಯ್ಯನ ಪದ್ಯವನ್ನು ಒಗೆದು ಮುಗಿಸಿತ್ತು. ಇಡೀ ಸಭೆ ಲೋಕಮ್ಮನ ಕಡೆಗೆ ತಿರುಗಿತು.

“ನನ್ನ ಯಾಕೆ ನೋಡ್ತೀರಿ? ನಮ್ಮತ್ತೆ ಒಗೆದಿದ್ದೇ ಜಾಸ್ತಿ!”

ಉಜ್ಜಪ್ಪ ಎದ್ದು ನಿಂತ. “ಪದ್ಯ ಬೇಕಾದ್ರೆ, ನನ್ನ ಹತ್ರ ಒಂದಿದೆ...”

ಐದರ ಬಸ್ಸಿನ ಹಾರ್ನ್ ಕೇಳಿಸಿತು. ವರದಮ್ಮ ಎದ್ದೋಡಿ ಬಸ್ಸು ಹತ್ತಿದಳು. ಆನಂದಪ್ಪನವರು ಅವಸರದಲ್ಲಿ ವಂದನೆ ಹೇಳಿ, ಕಲ್ಲು ಇನ್ನು ಮೇಲೆ ಸಭೆಯ ಆಸ್ತಿಯೆಂದು ಸಾರಿಬಿಟ್ಟರು. ಉಜ್ಜಪ್ಪ ಚೀಟಿ ಹಿಡಿದು ಬಸ್ಸಿನ ಪಕ್ಕದಲ್ಲಿ ಓಡುತ್ತಾ ಮೊದಲ ಸಾಲು ಕೂಗಿದ.

ವರದಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕಣ್ಣಲ್ಲಿ ನೀರು. “ಛಲೋ ಐತಪಾ! ಮುಂದ?”

ಮುಂದಿನದು ಧೂಳಿಗೆ ಹೋಯಿತು.

ಮನೆಗೆ ಬಂದರೆ ಹಿತ್ತಲಲ್ಲಿ ಕಲ್ಲಿದ್ದ ಕಡೆ ಬರೀ ಗುಂಡಿ. ಸಿಕಂದರ್ ತಲೆ ಕೆರೆದುಕೊಂಡು ನಿಂತಿದ್ದ.

“ಅಣ್ಣಾ, ಹೊಸ ಕಲ್ಲು ತಂದು ಹಾಕ್ತೀನಿ. ನಿಮ್ಮ ಪದ್ಯ ದಪ್ಪಕ್ಷರದಲ್ಲಿ ಬರೆದ್ಕೊಡಿ, ಅದರ ಮೇಲೆ ಕೆತ್ತಿ ಕೊಡ್ತೀನಿ.”

ಉಜ್ಜಪ್ಪನ ಮುಖ ಅರಳಿತು. “ಸಂಕ್ರಾಂತಿಗೆ ಅಕ್ಕ ಬಂದು ನೋಡ್ಲಿ. ಆಮೇಲೆ ಅಕ್ಷರ ಕೆಳಗೆ ಮಾಡಿ ಹಾಕ್ಬಿಡು ಮಾರಾಯ. ಎಂಟುನೂರು ವರ್ಷ ಬಿಟ್ಟು ಯಾರಾದ್ರೂ ಓದ್ತಾರೆ.”

“ಅದೆಲ್ಲ ಆಗಲ್ಲ,” ಎಂದಳು ಲೋಕಮ್ಮ, ಬಕೆಟ್ಟಿನಿಂದ ಸೀರೆ ಎತ್ತುತ್ತಾ. “ಅಕ್ಷರ ಮೇಲೇ ಇರ್ಲಿ. ಕೊಳೆ ಬಿಡೋದು ಬೇಡ್ವಾ?”

“ಅಯ್ಯೋ, ಸವೆದು ಹೋಗುತ್ತಲ್ಲೇ!”

“ಹೋಗ್ಲಿ ಬಿಡ್ರೀ,” ಎಂದು ಲೋಕಮ್ಮ ಸೀರೆ ಹಿಂಡಿದಳು. “ಅಷ್ಟರಲ್ಲಿ ನಂಗೆ ಬಾಯಿಪಾಠ ಆಗಿರುತ್ತೆ.”