ನಡುಹೊಳೆ ಜಿಲ್ಲೆಯ ವಿಲೀನ ಪರ್ವ

ಅರಮನೆಯಲ್ಲಿ ಆಲೋಚನೆಗಿಂತ ಸುತ್ತೋಲೆಯೇ ಬೇಗ ಹೊರಬೀಳುತ್ತಿದ್ದ ಕಾಲದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ನಡುಹೊಳೆ ಎಂಬ ಗ್ರಾಮಾಂತರ ಜಿಲ್ಲೆ. ಹೊಳೆಯ ಎರಡೂ ದಡದ ಹಳ್ಳಿಗಳು ಅದಕ್ಕೆ ಸೇರಿದ್ದವು. ಜಿಲ್ಲೆಯ ಆಸ್ತಿ ಒಂದು ದೋಣಿ. ಅದನ್ನು ನಡೆಸುತ್ತಿದ್ದ ಹೊನ್ನವ್ವನೇ ಜಿಲ್ಲೆಯ ಅಧ್ಯಕ್ಷೆ.

ಒಂದು ದಿನ ಶ್ರೀಮನ್ಮಹಾರಾಜ ವಿಲೀನವರ್ಮ ಪ್ರಭುಗಳು ಭೂಪಟ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನು, ಇಷ್ಟು ಚಿಕ್ಕದು?”

“ಪ್ರಭುಗಳ ದೃಷ್ಟಿ ದೊಡ್ಡದು, ಅದಕ್ಕೇ ಹಾಗೆ ಕಾಣುತ್ತದೆ,” ಎಂದ ಮಹಾಮಂತ್ರಿ ಸಂಯೋಜನಸೇನ.

ಜಿಲ್ಲೆ ಅಲ್ಲೇ ರದ್ದಾಯಿತು. ದಕ್ಷ ಆಡಳಿತದ ಹಿತದೃಷ್ಟಿಯಿಂದ ಮೂಡಣ ದಡ ಮೂಡಣ ನಗರಕ್ಕೆ, ಪಡುವಣ ದಡ ಪಡುವಣ ನಗರಕ್ಕೆ ಸೇರಿತು. ಗಡಿ ಹೊಳೆಯ ನಟ್ಟನಡುವೆ ಬಿತ್ತು. ಅಲ್ಲಿಗೆ ಬಂದವರೆಲ್ಲ ಇನ್ನು ದೋಣಿ ಬದಲಿಸಬೇಕು.

ಹೊನ್ನವ್ವನ ಅಧಿಕಾರ ಹೋಯಿತು, ದೋಣಿ ಮಾತ್ರ ಪಡುವಣ ನಗರದ್ದಾಗಿ ಅವಳ ಕೈಯಲ್ಲೇ ಉಳಿಯಿತು. ಒಂದು ಬೆಳಿಗ್ಗೆ ಹೆರಿಗೆ ನೋವು ತಿನ್ನುತ್ತಿದ್ದ ತುಂಗವ್ವನನ್ನು ಕೂರಿಸಿಕೊಂಡು, ಆಚೆ ದಡದ ಸೂಲಗಿತ್ತಿಯ ಬಳಿಗೆ ಹೊರಟಳು. ನಡುನೀರಲ್ಲಿ ಮೂಡಣ ದೋಣಿಯ ಕಾವಲುಗಾರ ಅಡ್ಡ ಬಂದ.

“ಇಳಿದು ಈ ದೋಣಿ ಹತ್ತಬೇಕವ್ವ, ನಿಯಮ.”

“ಅವಳ ನೋವಿಗೆ ನಿನ್ನ ಗಡಿ ಗೊತ್ತಾಗುತ್ತೇನೋ, ಮಂಕೇ?”

ಜಗಳ ಮುಗಿಯುವಷ್ಟರಲ್ಲಿ ಮಗು ಹುಟ್ಟಿಬಿಟ್ಟಿತು. ಹೆಣ್ಣು! ಎರಡೂ ದೋಣಿಯವರು ಕುಣಿದು ಮುಳುಗುವುದೊಂದು ಬಾಕಿ. ಕಾವಲುಗಾರ ನಿಯಮ ಮರೆತು, ತನ್ನ ರುಮಾಲು ಬಿಚ್ಚಿ ಕೂಸಿಗೆ ಸುತ್ತಿದ.

ಆದರೆ ಗಡಿಯ ಮೇಲೆ ಹುಟ್ಟಿದ ಮಗುವನ್ನು ತಮ್ಮದೆಂದು ಎರಡೂ ನಗರಗಳು ಒಪ್ಪಲಿಲ್ಲ. ಹೊನ್ನವ್ವ ಆಸ್ಥಾನಕ್ಕೆ ಹೋದಳು.

“ಬುದ್ಧೀ, ನಮ್ಮ ಜಿಲ್ಲೇನ ವಾಪಸ್ ಕೊಡಿ. ಕೂಸಿಗೊಂದು ಊರಾಗುತ್ತೆ.”

“ಕೊಟ್ಟೆವು!” ಎಂದರು ಪ್ರಭುಗಳು. ಹೊನ್ನವ್ವನ ಕಣ್ಣು ತುಂಬಿತು.

ಮಂತ್ರಿ ರಾಜನ ಕಿವಿಯಲ್ಲಿ ಉಸುರಿದ. “ಪ್ರಭೂ, ದಡಗಳನ್ನು ಹಿಂದಕ್ಕೆ ಪಡೆದರೆ ತಪ್ಪೊಪ್ಪಿದಂತಾಗುತ್ತದೆ. ನೀರನ್ನಷ್ಟೇ ಕೊಡೋಣ.”

ಹಾಗೆ ಹೊಳೆಯ ನಡುವಿನ ನೀರೇ ಹೊಸ ಜಿಲ್ಲೆಯಾಯಿತು. ಅದಕ್ಕೊಂದು ತೇಲುವ ಕಚೇರಿ. ಕಟ್ಟಿದ್ದು ತೇಲಲಿಲ್ಲವಾಗಿ, ಸಾರ್ವಜನಿಕ ಸಹಭಾಗಿತ್ವದಲ್ಲಿ ಎರಡೂ ದಡದ ಜನ ಕತ್ತಿನವರೆಗೆ ನೀರಲ್ಲಿ ನಿಂತು ಅದನ್ನು ಎತ್ತಿ ಹಿಡಿದರು. ಹೊನ್ನವ್ವನೂ, ಆ ಕಾವಲುಗಾರನೂ ಅಕ್ಕಪಕ್ಕ ನಿಂತಿದ್ದರು.

ಮೇಲೆ, ಕಚೇರಿಯಲ್ಲಿ ಕುಳಿತ ಪ್ರಭುಗಳಿಗೆ ‘ಜಲಜಿಲ್ಲಾ ಸಂಸ್ಥಾಪಕ’ ಎಂಬ ಬಿರುದು ಘೋಷಣೆಯಾಯಿತು.

“ಚಪ್ಪಾಳೆಯೇ ಇಲ್ಲವಲ್ಲ?”

“ಪ್ರಭೂ, ಪ್ರಜೆಗಳ ಎರಡೂ ಕೈ ತಮ್ಮ ಸೇವೆಯಲ್ಲಿವೆ.”

“ಭೇಷ್! ಈ ವ್ಯವಸ್ಥೆ ಕಾಯಂ ಆಗಲಿ.”

“ಪಾಳಿಯಾದರೂ ಹಾಕ್ರಪ್ಪಾ!” ಎಂದು ಹೊನ್ನವ್ವ ಕೆಳಗಿಂದ ಕೂಗಿದಳು. ವಾದ್ಯದ ಗದ್ದಲದಲ್ಲಿ ಅದು ಜಯಕಾರದಂತೆ ಕೇಳಿಸಿತು.

ಸಂತೋಷಗೊಂಡ ಪ್ರಭುಗಳು ತಲೆಬಾಗಿದರು. ಮಂತ್ರಿ ಹೊಸ ಕಿರೀಟವನ್ನು ತೊಡಿಸಿದ. ಅದರ ಭಾರಕ್ಕೆ, ಕೆಳಗೆ ಕತ್ತಿನವರೆಗಿದ್ದ ನೀರು ಗಲ್ಲದವರೆಗೆ ಬಂತು.